ದೀಪ ಆರಿಸಿದಾಗ ಕಂಡದ್ದು

ಒಂದು ಲೀಟರ್ ಅಕ್ಕಿಯನ್ನು ಲಾಳಿಕೆಗೆ ಒಮ್ಮೆಲೇ ಸುರುವಿದರೆ ಅಷ್ಟೂ ಕೆಳಗಿಳಿಯಲು 40 ಸೆಕೆಂಡು ಹಿಡಿಯುತ್ತದೆ. ಅದೇ ಅಕ್ಕಿಯನ್ನು ಸಣ್ಣಗೆ, ಒಂದೇ ಧಾರೆಯಾಗಿ ಹೊಯ್ದರೆ 27 ಸೆಕೆಂಡು ಸಾಕು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಾರಿಗೆ ಕಾರ್ಯದರ್ಶಿಯಾಗಿದ್ದ ಡಗ್ಲಸ್ ಮೆಕ್‌ಡೊನಾಲ್ಡ್ ಅವರು ಹೆದ್ದಾರಿಯ ‘ಗರಿಷ್ಠ ಹರಿವು’ ಅಂದರೇನೆಂದು ಜನರಿಗೆ ಅರ್ಥವಾಗುವಂತೆ ಹೇಳಿ ಎಂದು ಒಂದು ಸ್ಪರ್ಧೆ ಇಟ್ಟಿದ್ದರು. ಗೆದ್ದದ್ದು ಈ ಲಾಳಿಕೆ. ಅವಸರದಲ್ಲಿ ಸುರಿದಾಗ ಕಾಳುಗಳು ಲಾಳಿಕೆಯ ಕೊರಳಲ್ಲಿ ಒಂದಕ್ಕೊಂದು ಆನಿಕೊಂಡು ಕಮಾನು ಕಟ್ಟುತ್ತವೆ, ಅದು ಮುರಿದು ಬಿದ್ದ ಮೇಲೆ ಇನ್ನೊಂದು ಕಟ್ಟುತ್ತದೆ. ರಸ್ತೆಯಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ವಾಹನಗಳ ದಟ್ಟಣೆ ಒಂದು ಮಿತಿ ದಾಟಿದರೆ ವೇಗವಷ್ಟೇ ಅಲ್ಲ, ಗಂಟೆಗೆ ದಾಟಿಹೋಗುವ ವಾಹನಗಳ ಸಂಖ್ಯೆಯೇ ಕುಸಿಯುತ್ತದೆ. 1930ರ ದಶಕದಲ್ಲಿ ಬ್ರೂಸ್ ಗ್ರೀನ್‌ಶೀಲ್ಡ್ಸ್ ಒಹಾಯೊದ ರಸ್ತೆಬದಿಯಲ್ಲಿ ಕ್ಯಾಮೆರಾ ಇಟ್ಟು ವೇಗಕ್ಕೂ ದಟ್ಟಣೆಗೂ ಇರುವ ನಂಟನ್ನು ಅಳೆದಾಗಿನಿಂದ ಎಂಜಿನಿಯರುಗಳಿಗೆ ಈ ಸಂಗತಿಯ ಜಾಡು ಗೊತ್ತು. ಅವರು ಅದನ್ನು ಸೂತ್ರವಾಗಿ, ನಕ್ಷೆಯಾಗಿ ಬರೆದರು. ಎಪ್ಪತ್ತು ವರ್ಷದ ಬಳಿಕ ಒಬ್ಬ ಆಡಳಿತಗಾರನಿಗೆ ಅದನ್ನು ಜನರಿಗೆ ದಾಟಿಸಲು ಅಡುಗೆಮನೆಯ ಸಾಮಾನು ಬೇಕಾಯಿತು.

ಸಾರಿಗೆ ಸಂಶೋಧನೆಯ ಬೆಲೆಯನ್ನು ಅಧಿಕಾರಸ್ಥರಿಗೆ ಮನಗಾಣಿಸುವುದು ಹೇಗೆ ಎಂಬ ಚರ್ಚೆ ಬಂದಾಗಲೆಲ್ಲ ಸಿಗುವ ಸಲಹೆ ಇದೇ: ಸರಳವಾಗಿ ಹೇಳಿ, ಚಿತ್ರ ತೋರಿಸಿ, ವರದಿಯನ್ನು ಎರಡು ಪುಟಕ್ಕೆ ಇಳಿಸಿ. ಇದರಲ್ಲಿ ಅರ್ಧ ಸತ್ಯವಷ್ಟೇ ಇದೆ. ಲಾಳಿಕೆ ಅರ್ಥ ಮಾಡಿಸುತ್ತದೆ, ನಂಬಿಸುವುದಿಲ್ಲ. ಶಾಸಕ ಅಕ್ಕಿ ನೋಡಿ ತಲೆದೂಗಿ, ‘ಚೆನ್ನಾಗಿದೆ, ಆದರೆ ನಮ್ಮೂರಿನ ರಸ್ತೆ ಬೇರೆ’ ಎಂದುಬಿಡಬಹುದು. ಹಾಗೆ ಅನ್ನಲು ಅವರಿಗೆ ಹಕ್ಕೂ ಇದೆ. ಅಕ್ಕಿಕಾಳಿಗೆ ಮನೆಯಿಂದ ಅರ್ಧ ಗಂಟೆ ತಡವಾಗಿ ಹೊರಡುವ ಬುದ್ಧಿಯಿಲ್ಲ, ಬಸ್ಸು ಹತ್ತುವ ಆಯ್ಕೆಯೂ ಇಲ್ಲ. ನಂಬಿಕೆ ಹುಟ್ಟಿಸಲು ಅವರದೇ ರಸ್ತೆಯಲ್ಲಿ, ಅವರದೇ ಮತದಾರರ ಮೇಲೆ ಸಂಶೋಧನೆಯ ಫಲವನ್ನು ಒಮ್ಮೆ ಕೊಟ್ಟು ಕಿತ್ತುಕೊಳ್ಳಬೇಕು. ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು ಕಲಿಸುತ್ತದೆ ಎಂಬುದಕ್ಕೆ ಮಿನ್ನೆಸೋಟಾ ಸಾಕ್ಷಿ.

ಅಲ್ಲಿನ ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರಗಳಲ್ಲಿ ಹೆದ್ದಾರಿಗೆ ಏರುವ ರ್‍ಯಾಂಪುಗಳ ಬಾಯಲ್ಲಿ ಸುಮಾರು 430 ಸಿಗ್ನಲ್ ದೀಪಗಳಿದ್ದವು. ಒಂದೋ ಎರಡೋ ಕಾರನ್ನು ಬಿಟ್ಟು, ಮತ್ತೆ ಕೆಂಪಾಗಿ, ಧಾರೆಯನ್ನು ಸಣ್ಣಗಿಡುವುದೇ ಅವುಗಳ ಕೆಲಸ. ಕೆಂಪಿನಲ್ಲಿ ನಿಂತವನಿಗೆ ಎದುರಿನ ಹೆದ್ದಾರಿ ಸರಾಗವಾಗಿ ಓಡುತ್ತಿರುವುದು ಕಾಣುತ್ತದೆ. ಜಾಗವಿದ್ದರೂ ನನ್ನನ್ನೇಕೆ ತಡೆದಿದ್ದಾರೆ ಎಂದು ಅವನು ಸಿಡುಕುತ್ತಾನೆ. ದೀಪ ಇರುವುದರಿಂದಲೇ ಅದು ಸರಾಗ ಎಂಬುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಈ ಸಿಡುಕಿಗೆ ದನಿಯಾದವರು ಸೆನೆಟರ್ ಡಿಕ್ ಡೇ. ಶಾಸನಸಭೆಯ ಆದೇಶದಂತೆ 2000ದ ಅಕ್ಟೋಬರ್‌ನಲ್ಲಿ ಅಷ್ಟೂ ದೀಪಗಳನ್ನು ಆರಿಸಲಾಯಿತು. ಡಿಸೆಂಬರ್ ಮೊದಲ ವಾರದವರೆಗೆ ಹೊರಗಿನ ಸಲಹಾ ಸಂಸ್ಥೆಯೊಂದು ಅಳೆಯುತ್ತಾ ಕೂತಿತು. ಹೆದ್ದಾರಿ ಸಾಗಿಸುತ್ತಿದ್ದ ವಾಹನಗಳು ಶೇ 9ರಷ್ಟು ಇಳಿದವು, ಪ್ರಯಾಣದ ಸಮಯ ಶೇ 22ರಷ್ಟು ಏರಿತು, ಅಪಘಾತಗಳು ಶೇ 26ರಷ್ಟು ಹೆಚ್ಚಿದವು. ವರ್ಷಗಟ್ಟಲೆ ಎಂಜಿನಿಯರುಗಳು ಹೇಳಿ ಸೋತಿದ್ದನ್ನು ಆರಿದ ದೀಪಗಳು ಎರಡೇ ತಿಂಗಳಲ್ಲಿ ಹೇಳಿದವು.

ಇಲ್ಲಿಗೆ ಕತೆ ನಿಲ್ಲಿಸಿದರೆ ವಿಜ್ಞಾನ ಗೆದ್ದಿತು, ರಾಜಕಾರಣಿ ಸೋತ ಎಂದು ಬೀಗಬಹುದು. ಆದರೆ ದೀಪಗಳು ಹಿಂದಿನಂತೆ ಮರಳಲಿಲ್ಲ. ಕೆಲವನ್ನು ಕೈಬಿಡಲಾಯಿತು, ರ್‍ಯಾಂಪಿನಲ್ಲಿ ಯಾರೂ 4 ನಿಮಿಷಕ್ಕಿಂತ ಹೆಚ್ಚು ಕಾಯಬಾರದೆಂಬ ಮಿತಿ ಬಂತು. ಎಂಜಿನಿಯರುಗಳ ಕಣ್ಣು ಹೆದ್ದಾರಿಯ ಹರಿವಿನ ಮೇಲೆ ನೆಟ್ಟಿತ್ತು. ಸಾಲಿನಲ್ಲಿ ನಿಂತವನ ತಾಳ್ಮೆ ಅವರ ಲೆಕ್ಕದಲ್ಲಿ ಹಗುರವಾಗಿತ್ತು. ಸೆನೆಟರ್ ಹಿಡಿದಿದ್ದ ಕೋಲು ಬೇರೆ, ಆದರೆ ಅದೂ ಅಳತೆಯ ಕೋಲೇ. ಅಧಿಕಾರಸ್ಥರಿಗೆ ವಿಜ್ಞಾನ ತಿಳಿಯದು ಎಂದು ಗೊಣಗುವ ಸಂಶೋಧಕರು ಈ ಭಾಗವನ್ನು ಮರೆತೇ ಕತೆ ಹೇಳುತ್ತಾರೆ.

ಆಕ್ಷೇಪಗಳಿವೆ. ಶೇ 26 ಎಂಬುದರ ಹಿಂದೆ ಗಾಯಗೊಂಡ ಮನುಷ್ಯರಿರುತ್ತಾರೆ. ಸಾಬೀತು ಮಾಡಲೆಂದು ಹೀಗೆ ಆರಿಸುವುದು ಸರಿಯೇ? ಎಲ್ಲದಕ್ಕೂ ಸರಿಯಲ್ಲ. ಹೆಲ್ಮೆಟ್ ನಿಯಮವನ್ನು ಎರಡು ತಿಂಗಳು ರದ್ದು ಮಾಡಿ ನೋಡೋಣ ಎನ್ನುವುದು ಅಪರಾಧ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ರಾಜಕಾರಣಿ ನೋಡುವುದು ಮತವನ್ನು, ಅಂಕಿಯನ್ನಲ್ಲ. ಇದಕ್ಕೆ ಸ್ಟಾಕ್‌ಹೋಮ್ ಉತ್ತರ ಕೊಟ್ಟಿದೆ. 2006ರ ಜನವರಿ 3ರಿಂದ ಜುಲೈ 31ರವರೆಗೆ ನಗರದ ನಡುಭಾಗಕ್ಕೆ ಬಂದುಹೋಗುವ ವಾಹನಗಳಿಗೆ ಹೊತ್ತಿಗೆ ತಕ್ಕಂತೆ 10ರಿಂದ 20 ಕ್ರೋನಾ ಶುಲ್ಕ ಹಾಕಲಾಯಿತು. ಶುರುವಾಗುವ ಮೊದಲು ಬಹುಪಾಲು ಜನ ವಿರುದ್ಧವಾಗಿದ್ದರು. ಗಡಿ ದಾಟುವ ವಾಹನಗಳು ಸುಮಾರು ಐದರಲ್ಲೊಂದು ಪಾಲು ಕಡಿಮೆಯಾದವು. ಶುಲ್ಕ ನಿಂತ ಕೂಡಲೇ ಬಹುತೇಕ ಹಳೆಯ ಮಟ್ಟಕ್ಕೆ ಮರಳಿದವು. ಸೆಪ್ಟೆಂಬರ್ 17ರ ಜನಮತಗಣನೆಯಲ್ಲಿ ನಗರದ ಮತದಾರರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಶುಲ್ಕ ಬೇಕೆಂದರು. ಸುತ್ತಲ ಪುರಸಭೆಗಳಲ್ಲಿ ಮತ ಹಾಕಿದವರಲ್ಲಿ ಬಹುಮತ ಬೇಡವೆಂದೇ ಇತ್ತು. ಅದೇ ದಿನ ನಡೆದ ಚುನಾವಣೆಯಲ್ಲಿ ಅಧಿಕಾರಕ್ಕೆ ಬಂದ ವಿರೋಧಿ ಬಣವೇ 2007ರ ಆಗಸ್ಟ್‌ನಲ್ಲಿ ಅದನ್ನು ಕಾಯಂ ಮಾಡಿತು, ಹಣವನ್ನು ಮಾತ್ರ ಹೊಸ ರಸ್ತೆಗಳಿಗೆ ತಿರುಗಿಸಿತು. ವಾಹನ ಕಡಿಮೆಯಾಗುತ್ತದೆಂದು ಸಂಶೋಧನೆ ತೋರಿಸಬಲ್ಲದು. ಬಂದ ದುಡ್ಡನ್ನು ಏನು ಮಾಡಬೇಕೆಂಬುದು ಅದರ ಕೈಯಲ್ಲಿಲ್ಲ.

ಬೆಂಗಳೂರಿಗೂ ಇಂಥ ಗಳಿಗೆ ಒದಗಿತ್ತು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಿಎಂಟಿಸಿ ಬಸ್ಸುಗಳಿಗೆಂದು ಗೂಟ ನೆಟ್ಟು ಪ್ರತ್ಯೇಕ ಪಥ ಮಾಡಲಾಯಿತು, ಮೆಟ್ರೊ ಕಾಮಗಾರಿ ಬಂದಾಗ ಅದು ಅಳಿಸಿಹೋಯಿತು. ಗೂಟ ನೆಟ್ಟ ದಿನದಷ್ಟೇ ಗೂಟ ಕಿತ್ತ ದಿನವೂ ಗಡಿಯಾರ ಹಿಡಿದು ಬಸ್ಸಿನೊಳಗೆ ಕೂರಬೇಕಾದ ದಿನವಾಗಿತ್ತು.