ನಿಂತ ಲಾರಿಯ ತೆರಿಗೆ

ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನೊಗ ಹೂಡಿ ನಡೆಸುವ ನಮ್ಮ ರೈತಬಾಂಧವರು ಹಳೆಯ ಲಾರಿ ಕೊಳ್ಳುವಾಗ ಮಾತ್ರ ಇಂಜಿನ್ನಿನ ಸದ್ದು ಕೇಳಿ, ಟೈರು ಮುಟ್ಟಿ ನೋಡಿ ಮುಂಗಡ ಕೊಟ್ಟುಬಿಡುವುದುಂಟು. “ವರ್ಷದಿಂದ ಮರದ ಕೆಳಗೆ ನಿಂತಿದೆ, ಇದಕ್ಕೆಲ್ಲಿಯ ತೆರಿಗೆ?” ಎಂಬ ಮಾರುವವರ ಮಾತನ್ನೂ ನಂಬುತ್ತಾರೆ. ಕಡಲೆಕಾಯಿ ಮಾರಿ ಕೂಡಿಟ್ಟ ಹಣ ಕರಗುವುದು ಇಲ್ಲಿಯೇ.

ಆಂಧ್ರಪ್ರದೇಶದ 1963ರ ಮೋಟಾರು ವಾಹನ ತೆರಿಗೆ ಕಾಯಿದೆಯ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಬಳಸುವ ವಾಹನಕ್ಕೂ ಬಳಕೆಗೆಂದು ಇಟ್ಟುಕೊಂಡ ವಾಹನಕ್ಕೂ ತೆರಿಗೆಯುಂಟು. ಸರಕು ಲಾರಿಗಳಿಗೆ ಇದನ್ನು ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕುತ್ತಾರೆ. ವಾಹನವನ್ನು ಓಡಿಸುವುದಿಲ್ಲವೆಂದು ಮುಂದಿನ ಅವಧಿ ಆರಂಭವಾಗುವ ಮೊದಲೇ ಸಾರಿಗೆ ಕಚೇರಿಗೆ ಬರೆದು ತಿಳಿಸದಿದ್ದರೆ, ಅದು ಬಳಕೆಗೆ ಇಟ್ಟದ್ದೆಂದೇ ಪರಿಗಣನೆ. ಏಪ್ರಿಲ್ 1ರಿಂದ ನಿಲ್ಲಿಸುವುದಾದರೆ ಮಾರ್ಚ್ ಮುಗಿಯುವುದರೊಳಗೆ ತಿಳಿಸಬೇಕು. ಕರ್ನಾಟಕದ ಕಾಯಿದೆಯಂತೂ ನೋಂದಣಿ ಪತ್ರ ಚಾಲ್ತಿಯಲ್ಲಿದ್ದರೆ ವಾಹನವು ರಸ್ತೆಗೆ ಯೋಗ್ಯವೆಂದೇ ಭಾವಿಸುತ್ತದೆ. ಲಾರಿ ನಿಂತ ಮಾತ್ರಕ್ಕೆ ತೆರಿಗೆ ನಿಲ್ಲದು.

ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಆವರಣದೊಳಗೆ ಮಾತ್ರ ಓಡುತ್ತಿದ್ದ 36 ವಾಹನಗಳ ತೆರಿಗೆಯನ್ನು ಕುರಿತು 2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಸಾರ್ವಜನಿಕ ಪ್ರವೇಶವಿಲ್ಲದ ಆ ಆವರಣದ ಬಳಕೆಗೆ ತೆರಿಗೆ ಸಲ್ಲದೆಂದು ಅದು ಹೇಳಿತು. ಆದರೆ ಹಾಗೆ ಸಾಧಿಸಲು ಮಾಲೀಕರು ಮೇಲಿನ ನ್ಯಾಯಾಲಯದವರೆಗೂ ಹೋಗಬೇಕಾಯಿತು. ಬಡವನಿಗೆ ಸಕಾಲದಲ್ಲಿ ಕೊಟ್ಟ ಒಂದು ಅರ್ಜಿಯೂ ಅದರ ಸ್ವೀಕೃತಿಯೂ ಇದಕ್ಕಿಂತ ಸುಲಭದ ರಕ್ಷೆ.

ಆದುದರಿಂದ ನಿಂತ ವಾಹನವನ್ನು ಕೊಳ್ಳುವವರು ಮೊದಲು ಎರಡು ಕಾಗದಗಳನ್ನು ಕೇಳಬೇಕು: ಕೊನೆಯದಾಗಿ ತೆರಿಗೆ ಕಟ್ಟಿದ ರಸೀದಿ, ಮತ್ತು ವಾಹನ ನಿಲ್ಲಿಸಿದುದನ್ನು ತಿಳಿಸಿದ ಪತ್ರದ ಸ್ವೀಕೃತಿ. ಎರಡರ ತಾರೀಖುಗಳ ನಡುವೆ ಅಂತರವಿದ್ದರೆ ಅಷ್ಟು ಕಾಲದ ತೆರಿಗೆ ಬಾಕಿಯಿರಬಹುದು. ಬಾಕಿ ಹಳೆಯ ಮಾಲೀಕನಲ್ಲೇ ಉಳಿಯುವುದಿಲ್ಲ. ವಾಹನವನ್ನು ಪಡೆದವನಿಂದಲೂ ವಸೂಲಾಗುತ್ತದೆ.

ಬೆಳುಗುಪ್ಪ, ರಾಯದುರ್ಗದವರಿಗೆ ಬಳ್ಳಾರಿಯೂ ಮಡಕಶಿರದವರಿಗೆ ಪಾವಗಡವೂ ನೆರೆಯೂರು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೂ ರಾಯದುರ್ಗ ಆಂಧ್ರಕ್ಕೂ ಸೇರಿದವು. ನೆಂಟಸ್ತಿಕೆಗೆ ಗಡಿಯಿಲ್ಲದಿದ್ದರೂ ತೆರಿಗೆಗೆ ಗಡಿಯುಂಟು. ಅಲ್ಲಿಂದ ವಾಹನ ತರುವಾಗ ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್.ಓ.ಸಿ., ಬೇಕು. ಅದರ ಅರ್ಜಿಯೊಡನೆ ಈವರೆಗಿನ ತೆರಿಗೆ ಕಟ್ಟಿದ ಆಧಾರವನ್ನು ಲಗತ್ತಿಸಬೇಕಾದುದರಿಂದ ಬಾಕಿ ಅಲ್ಲಿಯೇ ಬಯಲಾಗುತ್ತದೆ. ಪೂರ್ತಿ ಹಣವನ್ನು ಎನ್.ಓ.ಸಿ. ಕೈಸೇರಿದ ಮೇಲೆಯೇ ಕೊಡುವುದು ಜಾಣತನ. ಕೊಂಡ 30 ದಿನಗಳೊಳಗೆ ಮಾಲೀಕತ್ವದ ವರ್ಗಾವಣೆಯನ್ನು ತಿಳಿಸಬೇಕು. 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇಟ್ಟುಕೊಳ್ಳುವ ವಾಹನಕ್ಕೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯುವುದು 1988ರ ಕಾಯಿದೆಯಂತೆ ಕಡ್ಡಾಯ.

ಸ್ವಂತ ಬಳಕೆಯ ಕಾರು, ಸ್ಕೂಟರುಗಳಿಗೆ ಆಜೀವ ತೆರಿಗೆಯಿರುವುದರಿಂದ ಅವುಗಳ ಲೆಕ್ಕ ಬೇರೆ. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆ ಇಲ್ಲಿ ಸಲ್ಲದು. ವಾಹನದ ವಯಸ್ಸಿಗೆ ತಕ್ಕಂತೆ ಇಲ್ಲಿ ಮತ್ತೆ ಕಟ್ಟಿ, ಅಲ್ಲಿನ ಉಳಿಕೆ ಭಾಗಕ್ಕೆ ಮರುಪಾವತಿ ಕೇಳಬಹುದು.

ಕೊಂಡ ಲಾರಿಯನ್ನು ರಸ್ತೆಗಿಳಿಸುವ ಮುನ್ನ ತೆರಿಗೆ, ಅರ್ಹತಾ ಪತ್ರ, ವಿಮೆ ಮೂರೂ ಸರಿಯಾಗಿರಲಿ. ಓಡಿಸುವುದಿಲ್ಲವೆಂದು ಬರೆದುಕೊಟ್ಟ ವಾಹನ ಒಂದು ದಿನ ಓಡಿ ಸಿಕ್ಕಿಬಿದ್ದರೂ ತೆರಿಗೆಯೊಡನೆ ದಂಡವೂ ಬೀಳುತ್ತದೆ. ಓದು ಬಾರದ ಹಿರಿಯರು ವ್ಯಾಪಾರಕ್ಕೆ ಹೊರಟಾಗ, ಶಾಲೆ ಕಲಿತ ಮಕ್ಕಳು ಜೊತೆಗೆ ಹೋಗಿ ಆ ರಸೀದಿಗಳ ತಾರೀಖನ್ನು ಓದಿ ಹೇಳಲಿ.