ಅನಿಲ, ದೂಳು, ನಕ್ಷತ್ರ: ಮೂರನ್ನೂ ಹಿಡಿಯುವ ಕಸುಬು

ಎಳೆಯ ವಿಶ್ವದ ಗೆಲಾಕ್ಸಿಯೊಂದು ನಕ್ಷತ್ರಗಳನ್ನು ಹೇಗೆ ಹುಟ್ಟಿಸುತ್ತಿತ್ತು ಎಂದು ತಿಳಿಯಲು ಅದರ ನಕ್ಷತ್ರಗಳನ್ನಷ್ಟೇ ನೋಡಿದರೆ ಸಾಲದು. ಅವಕ್ಕೆ ಮೂಲವಾದ ಅನಿಲ, ಅವುಗಳ ಬೆಳಕನ್ನು ನುಂಗುವ ದೂಳು ಎರಡೂ ಲೆಕ್ಕಕ್ಕೆ ಸಿಗಬೇಕು. ನಕ್ಷತ್ರಗಳನ್ನು ಹಬಲ್ ಮತ್ತು ಜೇಮ್ಸ್ ವೆಬ್ ದೂರದರ್ಶಕಗಳು ತೋರಿಸುತ್ತವೆ. ಉಳಿದೆರಡಕ್ಕೆ ಚಿಲಿಯ ಅಟಕಾಮಾ ಮರುಭೂಮಿಯ ಆಲ್ಮಾ ರೇಡಿಯೊ ದೂರದರ್ಶಕ ಬೇಕು.

ಎಳೆಯ ನಕ್ಷತ್ರಗಳ ನೇರಳಾತೀತ ಬೆಳಕನ್ನು ಹೀರಿದ ದೂಳು ಒಂದಿಷ್ಟು ಬೆಚ್ಚಗಾಗಿ, ಅದನ್ನು ಅವಕೆಂಪಿನಲ್ಲಿ ಹೊರಬಿಡುತ್ತದೆ. ಅನಿಲದ ಗುರುತು ಇನ್ನೂ ಖಚಿತ: ಎಲೆಕ್ಟ್ರಾನೊಂದನ್ನು ಕಳೆದುಕೊಂಡ ಇಂಗಾಲ 158 ಮೈಕ್ರೊಮೀಟರ್ ತರಂಗಾಂತರದಲ್ಲಿ ಹೊಳೆಯುತ್ತದೆ. ವಿಶ್ವಕ್ಕೆ ಸುಮಾರು 120 ಕೋಟಿ ವರ್ಷವಾಗಿದ್ದಾಗ ಹೊರಟ ಈ ಅಲೆ, ವಿಶ್ವ ಹಿಗ್ಗುತ್ತ ಬಂದಂತೆ ಆರು ಪಟ್ಟು ಉದ್ದವಾಗಿ, ಹೆಚ್ಚುಕಡಿಮೆ 0.95 ಮಿಲಿಮೀಟರ್ ಆಗಿ ನಮ್ಮನ್ನು ಮುಟ್ಟುತ್ತದೆ. ಆ ಅಳತೆಯ ಅಲೆಗೆ ಗಾಳಿಯಲ್ಲಿನ ನೀರಾವಿಯೇ ಶತ್ರು. ಅದಕ್ಕೇ 5,000 ಮೀಟರ್ ಎತ್ತರದ ಒಣ ನೆಲ.

ಆಲ್ಮಾದಲ್ಲಿ 66 ಆಂಟೆನಾಗಳಿವೆ. 28 ಚಕ್ರದ ಹಳದಿ ವಾಹನಗಳು ಅವನ್ನು ಎತ್ತಿ ಒಯ್ದು 16 ಕಿ.ಮೀ. ಅಗಲಕ್ಕೂ ಹರಡಬಲ್ಲವು, ಹರಡಿದಷ್ಟೂ ಸೂಕ್ಷ್ಮ ವಿವರ ಸಿಗುತ್ತದೆ. ಅವು ಹಿಡಿದ ಅಲೆಗಳನ್ನು ಜೋಡಿ ಜೋಡಿಯಾಗಿ ಹೊಂದಿಸಿದಾಗಲೇ ಚಿತ್ರ ಮೂಡುವುದು. ಇಲ್ಲಿನ ನಿಜವಾದ ಕಸುಬು ನನಗೆ ಕಾಣುವುದು, ಅಳಿದುಳಿದ ನೀರಾವಿಯನ್ನು ಲೆಕ್ಕಕ್ಕೆ ಹಿಡಿಯುವ ಬಗೆಯಲ್ಲಿ. ಒಂದು ಆಂಟೆನಾದ ನೆತ್ತಿಯ ಮೇಲೆ ಆವಿ ತುಸು ಹೆಚ್ಚಿದ್ದರೂ ಅಲ್ಲಿಗೆ ಅಲೆ ತಡವಾಗಿ ಬಂದು ಚಿತ್ರ ಕದಡುತ್ತದೆ. ಹಾಗಾಗಿ 12 ಮೀಟರ್ ವ್ಯಾಸದ ಪ್ರತಿ ಆಂಟೆನಾದೊಳಗೂ ಒಂದು ಪುಟ್ಟ ಗ್ರಾಹಕವಿದೆ. ನೀರಾವಿ 183 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಹೊಮ್ಮಿಸುವ ವಿಕಿರಣವನ್ನು ಅಳೆಯುತ್ತ, ತಡವೆಷ್ಟೆಂದು ಕ್ಷಣಕ್ಷಣಕ್ಕೂ ಅದು ಹೇಳುತ್ತದೆ. ಅದೂ ಸಾಲದೆಂದು, ಇಡೀ ಆಂಟೆನಾ ಹಿಂಡು ಕೆಲವು ನಿಮಿಷಕ್ಕೊಮ್ಮೆ ಪಕ್ಕದ ಪ್ರಖರ ಕ್ವೇಸಾರ್‌ನತ್ತ ತಿರುಗಿ, ಕಛೇರಿಯ ನಡುವೆ ತಂಬೂರಿಯ ಶ್ರುತಿ ನೋಡಿಕೊಳ್ಳುವವರಂತೆ, ಸರಿಯಿದೆಯೇ ಎಂದು ಪರೀಕ್ಷಿಸಿ ಮರಳುತ್ತದೆ.

ಆಲ್ಮಾದಿಂದ ನಡೆಸಿದ ಆಲ್ಪೈನ್ ಎಂಬ ಸಮೀಕ್ಷೆ ಹೀಗೆ 118 ಗೆಲಾಕ್ಸಿಗಳಲ್ಲಿ ಇಂಗಾಲದ ಈ ಹೊಳಪನ್ನು ಹುಡುಕಿತು. ಕೆಲವೆಡೆ ಅನಿಲ ನಕ್ಷತ್ರಗಳ ಎಲ್ಲೆ ದಾಟಿ ಬಹುದೂರ ಚಾಚಿಕೊಂಡಿತ್ತು.

ಇನ್ನು ಉಳಿಯುವುದು ಒಂದರ ಮೇಲೊಂದು ಚಿತ್ರವಿಟ್ಟು ನೋಡುವ ಕೆಲಸ. ಸುಲಭ ಅನಿಸಬಹುದು, ಅಲ್ಲ. 'ಹಬಲ್ ಅಲ್ಟ್ರಾ ಡೀಪ್ ಫೀಲ್ಡ್' ಚಿತ್ರದ ಮೇಲೆ ಆಲ್ಮಾದ ನಕ್ಷೆಯನ್ನು ಇಟ್ಟಾಗ ಎರಡರ ನಡುವೆ ಸುಮಾರು ಕಾಲು ಆರ್ಕ್‌ಸೆಕೆಂಡಿನಷ್ಟು ವ್ಯತ್ಯಾಸ ಕಂಡಿತು. ತಪ್ಪಿದ್ದದ್ದು ಹಬಲ್ ಚಿತ್ರದ ನಿರ್ದೇಶಾಂಕಗಳಲ್ಲಿ. ಈಗ ಗಾಯಾ ಉಪಗ್ರಹ ಅಳೆದ ನಕ್ಷತ್ರಗಳ ಸ್ಥಾನಗಳಿಗೆ ತಾಳೆಹಾಕಿ ಇಂಥದ್ದನ್ನು ಸರಿಪಡಿಸುತ್ತಾರೆ. ಅಷ್ಟೆಲ್ಲ ಮಾಡಿದ ಮೇಲೂ ಕೆಲವು ಗೆಲಾಕ್ಸಿಗಳಲ್ಲಿ ದೂಳು ನಕ್ಷತ್ರಗಳಿಂದ ಪಕ್ಕಕ್ಕೇ ನಿಲ್ಲುತ್ತದೆ. ಆ ಅಂತರ ನಿಜವೆಂದು ಖಗೋಳಜ್ಞರು ನಂಬುವುದು ಆಗ ಮಾತ್ರ.