ಕೃಷ್ಣೆಯ ದಂಡೆಗೆ ಬೆಲೆ ಕಟ್ಟುವ ಬಗೆ

ಸಾಂಗಲಿ–ತಾಸಗಾಂವ ಮಾರ್ಗದಲ್ಲಿರುವ ಕವಲಾಪುರಕ್ಕೆ ಸ್ವಂತ ನದಿಯಿಲ್ಲ. ಇಲ್ಲಿನ ಕುಟುಂಬಗಳಿಗೆ ನದಿಯೆಂದರೆ ಸಾಂಗಲಿಯ ಕೃಷ್ಣೆಯೇ. ಗಣಪತಿಯ ದರ್ಶನ ಮುಗಿಸಿ ಘಾಟಿನ ಮೆಟ್ಟಿಲುಗಳ ಮೇಲೆ ಕ್ಷಣಕಾಲ ಕುಳಿತೇ ಊರಿಗೆ ಮರಳುವುದು ಅನೇಕರ ವಾಡಿಕೆ. ಆ ಮೆಟ್ಟಿಲುಗಳಿಗೆ ಟಿಕೇಟಿಲ್ಲ, ಬಾಗಿಲಿಲ್ಲ. ವೃದ್ಧರಿಗೂ ಮಕ್ಕಳಿಗೂ ಅದು ಸಮಾನವಾದ ಅಂಗಳ.

ಆದರೆ ಭೂಮಿಯ ವ್ಯವಹಾರದಲ್ಲಿ ಈ ಅಂಗಳದ ಬೆಲೆ ಲೆಕ್ಕಕ್ಕೆ ಬರುವುದಿಲ್ಲ. ನದಿಗೆ ಸಮೀಪದ ನಿವೇಶನಕ್ಕೆ ದರವುಂಟು. ನೀರು ಹರಡಿಕೊಳ್ಳಲೆಂದು ಬಿಟ್ಟ ಬರಿದಾದ ನೆಲಕ್ಕೆ ದರವಿಲ್ಲ. ಅದರ ನಿಜವಾದ ಮೌಲ್ಯ ತಿಳಿಯುವುದು ಮಳೆಗಾಲದಲ್ಲಿ. 1929ರಲ್ಲಿ ನಿರ್ಮಾಣಗೊಂಡ ಆಯರ್ವಿನ್ ಸೇತುವೆಯ ಬಳಿ ನೀರಿನ ಮಟ್ಟ 40 ಅಡಿ ತಲುಪಿದರೆ ಎಚ್ಚರಿಕೆ, 45 ಅಡಿ ತಲುಪಿದರೆ ಅಪಾಯ. 2019ರ ಆಗಸ್ಟ್‌ನಲ್ಲಿ ಅದು 57 ಅಡಿ ಮುಟ್ಟಿ, ನಗರದ ಬಹುಭಾಗವನ್ನು ಆವರಿಸಿತು. 2005ರಲ್ಲಿಯೂ 2021ರಲ್ಲಿಯೂ ಜನರು ಮನೆ ತೊರೆಯಬೇಕಾಯಿತು. ಕೃಷ್ಣೆ–ವಾರಣೆಯರ ಸಂಗಮದ ಹರಿಪುರದಲ್ಲಿ ಅರಿಶಿನವನ್ನು ನೆಲದೊಳಗಿನ ಹಗೇವುಗಳಲ್ಲಿ ಕಾಪಿಡುವ ಪರಂಪರೆಯಿತ್ತು. 2005ರ ಪ್ರವಾಹ ಅಂತಹ ಅನೇಕ ಹಗೇವುಗಳನ್ನು ಹಾಳುಗೆಡವಿತು.

ಇದಕ್ಕಾಗಿಯೇ ನದೀತೀರದಲ್ಲಿ ನೀಲಿ ಹಾಗೂ ಕೆಂಪು ಪ್ರವಾಹರೇಖೆಗಳನ್ನು ಗುರುತಿಸಲಾಗುತ್ತದೆ. ಮೊದಲನೆಯದು ಸರಾಸರಿ 25 ವರ್ಷಗಳಿಗೊಮ್ಮೆ, ಎರಡನೆಯದು 100 ವರ್ಷಗಳಿಗೊಮ್ಮೆ ಬರಬಹುದಾದ ನೆರೆಯ ಗಡಿ. ಈ ಗೆರೆಯೊಳಗೆ ಏಳುವ ಪ್ರತಿಯೊಂದು ಗೋಡೆಯೂ ನದಿಯ ಜಾಗವನ್ನು ಕಸಿದುಕೊಳ್ಳುತ್ತದೆ. ಸರಿದ ನೀರು ಬೇರೊಬ್ಬರ ಮನೆಯನ್ನು ಹೊಗುತ್ತದೆ. ದಂಡೆಯನ್ನು ಚೆಂದಗಾಣಿಸುವ ಯೋಜನೆಗಳನ್ನೂ ಇದೇ ಅಳತೆಗೋಲಿನಿಂದ ನೋಡಬೇಕು. ಮೆಟ್ಟಿಲು, ಮರ, ಮೈದಾನಗಳು ಮುಳುಗಿ ಮತ್ತೆ ತೆರೆದುಕೊಳ್ಳಬಲ್ಲವು. ಅಂಗಡಿ ಸಾಲುಗಳು ಹಾಗಲ್ಲ.

ಬೇಸಿಗೆಯ ಚಿಂತೆ ಬೇರೆ. ಶೇರಿನಾಲೆಯ ಮೂಲಕ ನಗರದ ಕೊಳಚೆ ಕೃಷ್ಣೆಯನ್ನು ಸೇರುವ ಸಮಸ್ಯೆ ಹಳೆಯದು. ನೀರು ನಾರುವಾಗ ಘಾಟಿನ ಮೆಟ್ಟಿಲುಗಳು ಎಷ್ಟು ಸುಂದರವಾಗಿದ್ದರೇನು? ಇದೇ ಪ್ರವಾಹ ಮಿರಜದ ಕೃಷ್ಣಾಘಾಟನ್ನು ದಾಟಿ, ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು, ಬೆಳಗಾವಿ ಜಿಲ್ಲೆಯನ್ನು ಪ್ರವೇಶಿಸುತ್ತದೆ. ಗಡಿಯಾಚೆಯ ಬಂಧುಗಳೂ ಅದೇ ನೀರಿನ ಆಶ್ರಿತರು.

ಶಾಲೆಯ ಪರಿಸರ ಪಾಠಕ್ಕೆ ಇದಕ್ಕಿಂತ ಹತ್ತಿರದ ಪುಸ್ತಕ ಬೇರಿಲ್ಲ. ಮಕ್ಕಳು ಸೇತುವೆಯ ಬಳಿಯ ಅಡಿಗುರುತುಗಳನ್ನು ಓದಲಿ, ತಮ್ಮ ಪರಿಚಿತರ ಮನೆಗಳಲ್ಲಿ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿ ಬರೆದಿಡಲಿ. ಖಾಲಿಯಾಗಿ ಕಾಣುವ ದಂಡೆ ಖಾಲಿಯಲ್ಲ, ನದಿಗಾಗಿ ಕಾದಿರಿಸಿದ ನೆಲ ಎಂಬುದನ್ನು ಅರಿತ ಮಗು ನಾಳೆ ಅದನ್ನು ಕಾಯಬಲ್ಲದು.